ಕುಡಿತದ ಅಧ್ಯಯನದಲ್ಲಿ ಕುಡಿಯುವವನ ಸ್ಥಾನ

ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಕಾಂಡಕೊರಕ ಹುಳು, ಎಲೆಯ ತುಕ್ಕುರೋಗ, ಮರದ ನೆರಳು ಇವನ್ನೆಲ್ಲ ಅಲ್ಲಿಯ ವಿಜ್ಞಾನಿಗಳು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಕಾಫಿಗಿಡಕ್ಕೆ ಮಾತು ಬಾರದು. ಅದರ ಬೇನೆಯನ್ನು ನೋಡಿಯೇ ತಿಳಿಯಬೇಕು. ಆದರೆ ಆ ಗಿಡದ ಬುಡದಲ್ಲಿ ದುಡಿಯುವ ಮನುಷ್ಯನಿಗೆ ಮಾತು ಬರುತ್ತದೆ. ಅವನ ಕುಡಿತವನ್ನು ಅಭ್ಯಾಸ ಮಾಡಹೊರಟಾಗಲೂ ನಾವು ಅವನನ್ನು ಗಿಡದಂತೆಯೇ ಕಾಣುವುದು ಸರಿಯೆ?

ಮೂಡಿಗೆರೆಯಿಂದ ಕಳಸದವರೆಗಿನ ತೋಟಗಳಲ್ಲಿ ಕುಡಿತವೆಂದರೆ ನಗೆಯಾಡುವ ಸಂಗತಿಯಲ್ಲ. ಬಟವಾಡೆಯ ಹಣ ಸಂತೆಯಿಂದ ಮನೆಗೆ ಬಾರದೆ, ಒಲೆ ಹೊತ್ತದ ರಾತ್ರಿಗಳ ಸಂಗತಿ. ಅದನ್ನು ತಿಳಿಯಬೇಕೆಂದು ಸಂಶೋಧಕನೊಬ್ಬ ಪ್ರಶ್ನಾವಳಿ ಹಿಡಿದು ಕೂಲಿ ಲೈನಿಗೆ ಬರುತ್ತಾನೆಂದು ಭಾವಿಸೋಣ. ದಾರಿ ತೋರಿಸಲು ತೋಟದ ರೈಟರೇ ಜೊತೆಗಿದ್ದಾರೆ. 'ಕುಡಿಯುವುದುಂಟೆ?' ಎಂದು ಕೇಳಿದರೆ ಕೂಲಿಯವನು ಏನೆಂದಾನು? ಕೆಲಸವೂ ತೋಟದ್ದು, ತಲೆಯ ಮೇಲಿನ ಸೂರೂ ತೋಟದ್ದು. 'ಇಲ್ಲ ಸ್ವಾಮಿ' ಎನ್ನುತ್ತಾನೆ. ಕುಡಿಯುವ ಹೆಂಗಸಾದರೆ ಬಾಗಿಲಿಗೇ ಬಾರಳು.

ಅವರು ಸತ್ಯವನ್ನೇ ಹೇಳಿದರೂ ತೊಡಕು ತಪ್ಪದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಹಳೆಯ ಪ್ರಶ್ನಾವಳಿಯಂತೆ 'ಸಾರಾಯಿ ಕುಡಿಯುತ್ತೀಯಾ?' ಎಂದರೆ 'ಇಲ್ಲ' ಎಂಬುದು ನಿಜವಾದ ಉತ್ತರವೇ; ಜೇಬಿನಲ್ಲಿರುವುದು ಅಗ್ಗದ ವಿಸ್ಕಿ. ಇನ್ನು ಅಳತೆ. ನಮ್ಮ ದೇಶದಲ್ಲಿ ಸಂಶೋಧಕರು ಸಾಮಾನ್ಯವಾಗಿ 10 ಗ್ರಾಂ ಮದ್ಯಸಾರವನ್ನು ಒಂದು ಅಳತೆಯೆಂದು ಹಿಡಿಯುತ್ತಾರೆ. ಸುಮಾರು 30 ಮಿಲಿಲೀಟರ್ ವಿಸ್ಕಿಯಲ್ಲಿ ಅಷ್ಟಿರುತ್ತದೆ. ಕುಡಿಯುವವನ ಅಳತೆ 'ನೈಂಟಿ', ಎಂದರೆ 90 ಮಿಲಿಲೀಟರಿನ ಪ್ಯಾಕೆಟು. ಅವನು 'ಎರಡು' ಎಂದದ್ದು ಕಾಗದದಲ್ಲಿ ಎರಡೆಂದೇ ದಾಖಲಾಗುತ್ತದೆ. ಒಡಲಿಗೆ ಹೋದದ್ದು ಆರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಸಿದ್ಧ ಪ್ರಶ್ನಾವಳಿ, ಒಮ್ಮೆಗೆ ಆರು ಅಥವಾ ಅದಕ್ಕೂ ಹೆಚ್ಚು ಅಳತೆ ಕುಡಿಯುವುದು ಎಷ್ಟು ಸಲವೆಂದು ಪ್ರತ್ಯೇಕವಾಗಿಯೇ ಕೇಳುತ್ತದೆ. ಹೀಗೆ ಅಪಾಯದಲ್ಲಿರುವವನು ಲೆಕ್ಕದಲ್ಲಿ ಕ್ಷೇಮವಾಗಿರುತ್ತಾನೆ!

ಪ್ರಶ್ನಾವಳಿ ಅಚ್ಚಾಗುವ ಮೊದಲೇ ಕುಡಿಯುವ ನಾಲ್ವರನ್ನು, ಕುಡಿತ ಬಿಟ್ಟ ನಾಲ್ವರನ್ನು ಕೂಡಿಸಿ ಕೇಳಿದ್ದರೆ ಈ ತಪ್ಪು ಒಂದು ಸಂಜೆಯಲ್ಲಿ ತಿದ್ದುಪಡಿಯಾಗುತ್ತಿತ್ತು. ಏನನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ಯಾರು ಯಾವ ಹೊತ್ತಿನಲ್ಲಿ ಕೇಳಬೇಕು, ಬಂದ ಉತ್ತರಕ್ಕೆ ಅರ್ಥವೇನು ಎಂಬ ನಾಲ್ಕರಲ್ಲಿಯೂ ಅವರಿಗೆ ಪಾಲಿರಬೇಕು. ಕೊನೆಯಲ್ಲಿ ಫಲಿತಾಂಶವನ್ನು ಅವರ ಮುಂದೆಯೇ ಓದಿ ಹೇಳಬೇಕು. ಸಭೆಯಲ್ಲೊಂದು ಕುರ್ಚಿ ಕೊಟ್ಟು ಸುಮ್ಮನೆ ಕೂರಿಸುವುದು ಪಾಲಲ್ಲ.

ಇದು ಎಲ್ಲಿಯೂ ನಡೆಯದ ಮಾತೇನೂ ಅಲ್ಲ. ಹಾಲೆಂಡಿನಲ್ಲಿ ಮಾದಕ ವಸ್ತು ಸೇವಿಸುವವರೇ ಸಂಘ ಕಟ್ಟಿಕೊಂಡರು. ಸೂಜಿಯಿಂದ ಕಾಮಾಲೆ ಹರಡುವುದನ್ನು ಕಂಡು, 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಳೆಯ ಸೂಜಿಗೆ ಹೊಸದನ್ನು ಕೊಡುವ ಏರ್ಪಾಡಿಗೆ ಕಾರಣರಾದವರು ಅವರೇ. ರಾಟರ್‌ಡ್ಯಾಮಿನ ಅಂಥ ಸಂಘದ ನಿಕೋ ಆಡ್ರಿಯಾನ್ಸ್ ಮುಂದೆ ಸಂಶೋಧಕರೊಡನೆ ಸೇರಿ ಸೂಜಿ ಹಂಚಿಕೊಳ್ಳುವಿಕೆಯನ್ನು ಕುರಿತ ಪ್ರಬಂಧಕ್ಕೆ ಸಹಲೇಖಕರಾದರು. ವಿಷಯ ಬೇರೆಯಾದರೂ ನಮ್ಮ ಮೈಸೂರಿನಲ್ಲಿಯೇ ಇನ್ನೊಂದು ನಿದರ್ಶನವಿದೆ. ಲೈಂಗಿಕ ಕಾರ್ಮಿಕರ ಸಂಘಟನೆಯಾದ ಅಶೋದಯ ಸಮಿತಿ 2005ರಲ್ಲಿ ಹುಟ್ಟಿ, ಎಚ್.ಐ.ವಿ. ತಡೆಯ ಅಧ್ಯಯನಗಳಲ್ಲಿ ಸಂಶೋಧಕರೊಡನೆ ಕೈಜೋಡಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳೂ ಸಮುದಾಯವನ್ನು ಸಂಶೋಧನೆಯಲ್ಲಿ ತೊಡಗಿಸಬೇಕೆಂದು ಹೇಳುತ್ತವೆ.

'ಕುಡುಕನ ಮಾತನ್ನು ನಂಬುವುದೆಂತು?' ಎಂದು ಕೆಲವರು ಕೇಳಬಹುದು. ಅವನ ಮಾತೇ ಕೊನೆಯದೆಂದು ಯಾರೂ ಹೇಳುವುದಿಲ್ಲ. ಎಣಿಕೆ, ತುಲನೆ, ಪರೀಕ್ಷೆ ಇವು ವಿಜ್ಞಾನದ ಕೈಯಲ್ಲಿಯೇ ಉಳಿಯುತ್ತವೆ. ಹೆಂಡತಿಯನ್ನೂ ಮಕ್ಕಳನ್ನೂ ಬೇರೆಯಾಗಿ ಕೇಳಲೇಬೇಕು. ಅವನ ಒಪ್ಪಿಗೆಯನ್ನು ಅಮಲಿಲ್ಲದ ಹೊತ್ತಿನಲ್ಲಿ ಪಡೆಯಬೇಕು. ಅವನು ಕಳೆದ ಹೊತ್ತಿಗೆ ತಕ್ಕ ಪ್ರತಿಫಲ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವನ ಹೆಸರು ಹೊರಬೀಳಬಾರದು. ಗಾಂಜಾ ಸೇದುವವನಿಗಂತೂ 1985ರ ಮಾದಕ ವಸ್ತುಗಳ ಕಾಯಿದೆಯ ಭಯವೂ ಇದೆ; ಗುಟ್ಟು ಉಳಿಯುವುದೆಂಬ ಭರವಸೆಯಿಲ್ಲದೆ ಅವನು ಬಾಯಿ ಬಿಡುವುದಾದರೂ ಹೇಗೆ?

ತಪ್ಪು ಲೆಕ್ಕದ ಮೇಲೆ ಕಟ್ಟಿದ ಚಿಕಿತ್ಸೆ ತಪ್ಪು ಬಾಗಿಲನ್ನು ತಟ್ಟುತ್ತದೆ. ಕುಡಿತದ ದುಃಖ ಯಾವ ಮನೆಯಲ್ಲಿದೆಯೋ ಆ ಮನೆಗೆ ಮದ್ದು ತಲುಪಬೇಕಾದರೆ, ದಾರಿಯನ್ನು ಆ ಮನೆಯವರಲ್ಲಿಯೇ ಕೇಳಬೇಕು. ಮಲೆನಾಡಿನಲ್ಲಿ ದಾರಿ ತಪ್ಪಿದವನು ಮಾಡುವುದೂ ಅದನ್ನೇ ಅಲ್ಲವೆ?