ಮೂರು ತಿಂಗಳ ಲೆಕ್ಕ, ಹೊಸ ನಿಯಮದ ಅಂಕಿ



ಜುಲೈ, ಅಕ್ಟೋಬರ್, ಜನವರಿ ತಿಂಗಳುಗಳು ಬಂದವೆಂದರೆ ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಇಂಥ ಕಂಪನಿಯ ಲಾಭ ಏರಿಕೆ’, ‘ಇಂಥದ್ದರ ಲಾಭ ಇಳಿಕೆ’ ಎಂಬ ತಲೆಬರಹಗಳು ಸಾಲುಗಟ್ಟುತ್ತವೆ. ಇವು ಕಂಪನಿಗಳ ತ್ರೈಮಾಸಿಕ ಫಲಿತಾಂಶಗಳು. ನಿಮ್ಮ ಮನೆಯಲ್ಲಿ ಯಾರಾದರೂ ಷೇರುಗಳಲ್ಲಿ ಹಣ ತೊಡಗಿಸಿದ್ದರೆ, ಇಂಥ ಒಂದೇ ಸಾಲನ್ನು ಓದಿ ಷೇರು ಮಾರುವ ತೀರ್ಮಾನ ಮಾಡುವುದೂ ಉಂಟು. ಆದರೆ ಲಾಭದ ಅಂಕಿ ಬದಲಾದದ್ದು ವ್ಯಾಪಾರ ಬದಲಾದದ್ದರಿಂದಲೋ ಅಥವಾ ಲೆಕ್ಕ ಬರೆಯುವ ನಿಯಮ ಬದಲಾದದ್ದರಿಂದಲೋ? ಇವೆರಡನ್ನೂ ಬೇರ್ಪಡಿಸಲು ಬಾರದವನು ಕಷ್ಟಪಟ್ಟು ಉಳಿಸಿದ ಹಣವನ್ನು ಕಳೆದುಕೊಳ್ಳಬಹುದು.

ಮೊದಲು ಲೆಕ್ಕ ಹೇಗೆ ತಯಾರಾಗುತ್ತದೆಂದು ನೋಡೋಣ. ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿ ಪ್ರತಿ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಪ್ರಕಟಿಸಬೇಕೆಂಬುದು ಭಾರತೀಯ ಷೇರು ನಿಯಂತ್ರಣ ಮಂಡಳಿಯ, ಅಂದರೆ ಸೆಬಿಯ, ನಿಯಮ. ಇಡೀ ವರ್ಷದ ಲೆಕ್ಕಕ್ಕೆ 60 ದಿನಗಳ ಅವಕಾಶವಿದೆ. ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಒಳಗಿನ ಸುದ್ದಿ ತಿಳಿದ ಅಧಿಕಾರಿಗಳು ತಮ್ಮ ಕಂಪನಿಯ ಷೇರುಗಳನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಅಂಕಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಇದರಿಂದಲೇ ಊಹಿಸಿಕೊಳ್ಳಿ.

ಅವಧಿ ಕಡಿಮೆಯಾದ್ದರಿಂದ ಅಂದಾಜುಗಳ ಪಾಲು ಹೆಚ್ಚು. ಗೋದಾಮಿನ ಸರಕನ್ನೆಲ್ಲ ಪ್ರತಿ ಮೂರು ತಿಂಗಳಿಗೊಮ್ಮೆ ಎಣಿಸಲೇಬೇಕೆಂದಿಲ್ಲ. ತೆರಿಗೆಯ ವಿಷಯದಲ್ಲಿ ಇಡೀ ವರ್ಷಕ್ಕೆ ಸರಾಸರಿ ಎಷ್ಟು ದರ ಬೀಳಬಹುದೆಂದು ಅಂದಾಜು ಮಾಡಿ, ಆ ದರವನ್ನು ಈ ಮೂರು ತಿಂಗಳ ಲಾಭಕ್ಕೆ ಅನ್ವಯಿಸುತ್ತಾರೆ. ಲೆಕ್ಕಪರಿಶೋಧಕರು ಮಾಡುವುದೂ ಪೂರ್ಣ ತಪಾಸಣೆಯಲ್ಲ, ‘ಸೀಮಿತ ಪರಿಶೀಲನೆ’. ಎಂದರೆ ಪ್ರಶ್ನೆ ಕೇಳಿ, ಅಂಕಿಗಳನ್ನು ತಾಳೆ ನೋಡಿ ಅಭಿಪ್ರಾಯ ಕೊಡುತ್ತಾರೆ. ಬಳಿಕ ನಿರ್ದೇಶಕ ಮಂಡಳಿಯ ಒಪ್ಪಿಗೆ ಬೇಕು.

ಅಂದಾಜಿಗೆ ಅವಕಾಶವಿದೆಯೆಂದು ಲಾಭವನ್ನು ಎಳೆದಾಡುವಂತಿಲ್ಲ. ಐಸ್‌ಕ್ರೀಂ ಕಂಪನಿಯೊಂದಕ್ಕೆ ಬೇಸಿಗೆಯಲ್ಲಿ ಭರ್ಜರಿ ಮಾರಾಟ, ಮಳೆಗಾಲದಲ್ಲಿ ಇಳಿಮುಖ. ಬೇಸಿಗೆಯ ಆದಾಯದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಮಳೆಗಾಲದ ತ್ರೈಮಾಸಿಕಕ್ಕೆ ಸೇರಿಸಿ ‘ಸಮ’ ಮಾಡುವುದನ್ನು, ಮಧ್ಯಂತರ ವರದಿಗಳ ಮಾನದಂಡವಾದ ‘ಇಂಡ್ ಎಎಸ್ 34’ ಒಪ್ಪುವುದಿಲ್ಲ. ಬಂದದ್ದು ಬಂದ ತ್ರೈಮಾಸಿಕದಲ್ಲೇ ಕಾಣಬೇಕು. ಆದ್ದರಿಂದಲೇ ಫಲಿತಾಂಶದ ಕೋಷ್ಟಕದಲ್ಲಿ ಹಿಂದಿನ ತ್ರೈಮಾಸಿಕದ ಜೊತೆಗೆ ಹಿಂದಿನ ವರ್ಷದ ಇದೇ ಅವಧಿಯ ಅಂಕಿಯನ್ನೂ ಕೊಡುತ್ತಾರೆ. ಬೇಸಿಗೆಯನ್ನು ಬೇಸಿಗೆಯೊಡನೆ ಹೋಲಿಸುವುದು ನ್ಯಾಯ.

ಆದರೆ ಈ ಎರಡು ಬೇಸಿಗೆಗಳ ನಡುವೆ ನಿಯಮವೇ ಬದಲಾದರೆ? ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ; ಹೊಸ ಮಾನದಂಡಗಳೂ ಸಾಮಾನ್ಯವಾಗಿ ಅಂದಿನಿಂದಲೇ ಜಾರಿಗೆ ಬರುತ್ತವೆ. ಹೀಗಾಗಿ ಹೊಸ ನಿಯಮದ ಮುಖ ಸಾರ್ವಜನಿಕರಿಗೆ ಮೊದಲು ಕಾಣುವುದು ಜೂನ್ ತ್ರೈಮಾಸಿಕದ ಫಲಿತಾಂಶದಲ್ಲಿ.

2019ರ ಏಪ್ರಿಲ್ 1ರಂದು ಜಾರಿಗೆ ಬಂದ, ಗುತ್ತಿಗೆಗೆ ಸಂಬಂಧಿಸಿದ ‘ಇಂಡ್ ಎಎಸ್ 116’ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಮೊದಲು ಕಟ್ಟಡವನ್ನೋ ವಿಮಾನವನ್ನೋ ಬಾಡಿಗೆಗೆ ಪಡೆದ ಕಂಪನಿ ಬಹುಪಾಲು ಸಂದರ್ಭಗಳಲ್ಲಿ ಬಾಡಿಗೆಯನ್ನು ಖರ್ಚೆಂದು ಬರೆದು ಮುಗಿಸುತ್ತಿತ್ತು. ಮುಂದಿನ ಹತ್ತು ವರ್ಷ ಬಾಡಿಗೆ ಕೊಡಲೇಬೇಕೆಂಬ ಹೊಣೆ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿಯ ಅಧ್ಯಕ್ಷರಾಗಿದ್ದ ಡೇವಿಡ್ ಟ್ವೀಡಿಯವರು, ವಿಮಾನ ಕಂಪನಿಯ ಲೆಕ್ಕದ ಪಟ್ಟಿಯಲ್ಲಿ ನಿಜವಾಗಿಯೂ ಇರುವ ವಿಮಾನವೊಂದರಲ್ಲಿ ಪ್ರಯಾಣ ಮಾಡಬೇಕೆಂಬುದು ತಮ್ಮ ಆಸೆಯೆಂದು ಹಾಸ್ಯವಾಡಿದ್ದುಂಟು. ಹಾಸ್ಯದ ಹಿಂದಿನ ದೂರು ಸರಿಯಾದದ್ದೇ.

ಹೊಸ ನಿಯಮ ಏನು ಮಾಡಿತು? ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಟಿವಿ ಪರದೆಯ ಮೇಲೆ ಅಂಕಿ ಸರಿದುಹೋಗುತ್ತದೆ, ಪುಟದ ಮೇಲೆ ನಿಲ್ಲುತ್ತದೆ. ಕಂಪನಿಯೊಂದು ಮೂರು ವರ್ಷದ ಮಟ್ಟಿಗೆ ಕಟ್ಟಡ ಪಡೆದಿದೆ. ಪ್ರತಿ ವರ್ಷದ ಕೊನೆಗೆ ಬಾಡಿಗೆ 1,00,000 ರೂ. ಬಡ್ಡಿದರ ಶೇ. 10 ಎನ್ನೋಣ. ಮುಂದೆ ಕೊಡಬೇಕಾದ ಮೂರು ಲಕ್ಷದ ಇಂದಿನ ಬೆಲೆ 2,48,685 ರೂ. ಇದನ್ನು ಒಂದು ಕಡೆ ಬಳಕೆಯ ಹಕ್ಕು ಎಂಬ ಆಸ್ತಿಯಾಗಿ, ಇನ್ನೊಂದು ಕಡೆ ಹೊಣೆಯಾಗಿ ಬರೆಯಬೇಕು. ಆಸ್ತಿಗೆ ವರ್ಷಕ್ಕೆ 82,895 ರೂ. ಸವಕಳಿ. ಹೊಣೆಯ ಮೇಲೆ ಮೊದಲ ವರ್ಷ 24,869 ರೂ. ಬಡ್ಡಿ. ಎರಡೂ ಸೇರಿ ಮೊದಲ ವರ್ಷದ ಖರ್ಚು 1,07,764 ರೂ. ಹೊಣೆ ಕರಗಿದಂತೆ ಬಡ್ಡಿಯೂ ಇಳಿದು, ಎರಡನೆಯ ವರ್ಷ 1,00,250, ಮೂರನೆಯ ವರ್ಷ 91,986 ರೂ. ಕೂಡಿಸಿ ನೋಡಿ: ಸರಿಯಾಗಿ 3,00,000.

ಮಾಲೀಕನ ಕೈಗೆ ಹೋದ ಹಣ ಒಂದು ಪೈಸೆಯೂ ಬದಲಾಗಲಿಲ್ಲ. ಆದರೂ ಮೊದಲ ವರ್ಷದ ಲಾಭ ಕುಗ್ಗಿತು. ಇನ್ನೊಂದು ಬದಿಯಿಂದ ನೋಡಿದರೆ ‘ಬಾಡಿಗೆ’ ಎಂಬ ಸಾಲೇ ಮಾಯವಾಗಿ, ಬಡ್ಡಿ-ಸವಕಳಿ ಕಳೆಯುವ ಮುಂಚಿನ ಲಾಭ ಒಂದು ಲಕ್ಷದಷ್ಟು ಉಬ್ಬಿತು! ಯಾವ ಸಾಲನ್ನು ತಲೆಬರಹಕ್ಕೆ ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಸುದ್ದಿಯೇ ತಲೆಕೆಳಗಾಗುತ್ತದೆ. ಹನ್ನೆರಡು ತಿಂಗಳೊಳಗಿನ ಸಣ್ಣ ಗುತ್ತಿಗೆಗಳಿಗೆ ವಿನಾಯಿತಿಯಿದೆ, ಅದಿರಲಿ.

ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿಯೂ 2019ರ ಏಪ್ರಿಲ್ 1ರಂದು ಈ ನಿಯಮವನ್ನು ಅಳವಡಿಸಿಕೊಂಡಿತು. ಸಮೂಹದ ಲೆಕ್ಕದಲ್ಲಿ 2,907 ಕೋಟಿ ರೂ. ಬಳಕೆಯ ಹಕ್ಕು ಆಸ್ತಿಯಾಗಿಯೂ, 3,598 ಕೋಟಿ ರೂ. ಗುತ್ತಿಗೆಯ ಹೊಣೆಯಾಗಿಯೂ ಹೊಸದಾಗಿ ಸೇರಿದವು. ಅಂದು ಕಂಪನಿ ಹೊಸ ಕಟ್ಟಡ ಕೊಳ್ಳಲಿಲ್ಲ, ಸಾಲವನ್ನೂ ಎತ್ತಲಿಲ್ಲ. ಮೊದಲೇ ಇದ್ದದ್ದು ಪಟ್ಟಿಯೊಳಗೆ ಬಂತು ಅಷ್ಟೆ. ಹಳೆಯ ವರ್ಷಗಳಿಗೆ ಸೇರಿದ ಪರಿಣಾಮವೆಂದು 40 ಕೋಟಿ ರೂ.ಗಳನ್ನು ಸಂಚಿತ ಲಾಭದಿಂದ ನೇರವಾಗಿ ಕಳೆಯಲಾಯಿತು.

ಹೊಸ ನಿಯಮಕ್ಕೆ ದಾಟಲು ಎರಡು ದಾರಿಗಳಿದ್ದವು. ಹಿಂದಿನ ವರ್ಷದ ಅಂಕಿಗಳನ್ನೂ ಹೊಸ ನಿಯಮದಂತೆ ತಿದ್ದಿ ಬರೆಯುವುದು ಒಂದು. ಹಳೆಯದನ್ನು ಹಾಗೆಯೇ ಬಿಟ್ಟು, ವ್ಯತ್ಯಾಸವನ್ನು ದಾಟಿದ ದಿನದ ಸಂಚಿತ ಲಾಭಕ್ಕೆ ಹಾಕುವುದು ಇನ್ನೊಂದು. ಇನ್ಫೋಸಿಸ್ ಎರಡನೆಯದನ್ನು ಆರಿಸಿಕೊಂಡಿತು. ಕೆಲಸ ಹಗುರವೇನೋ ಹೌದು, ನಿಯಮಕ್ಕೆ ಒಪ್ಪಿತವೂ ಹೌದು. ಆದರೆ ಓದುಗನಿಗೆ ಮೊದಲ ದಾರಿಯೇ ಹೆಚ್ಚು ಉಪಕಾರಿ ಎಂದು ನನ್ನ ಅಭಿಪ್ರಾಯ. ಎರಡನೆಯ ದಾರಿಯಲ್ಲಿ 2018ರ ಜೂನ್ ಅಂಕಿ ಹಳೆಯ ನಿಯಮದ್ದು, 2019ರ ಜೂನ್ ಅಂಕಿ ಹೊಸದರದ್ದು. ಎರಡೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ.

ಈ ಸಂಗತಿಯನ್ನು ಕಂಪನಿ ಮುಚ್ಚಿಡುವಂತಿಲ್ಲ. ಮಧ್ಯಂತರ ವರದಿಯಲ್ಲಿ ಲೆಕ್ಕದ ನೀತಿ ಬದಲಾಗಿದ್ದರೆ ಅದರ ಸ್ವರೂಪ, ಪರಿಣಾಮ ಎರಡನ್ನೂ ಹೇಳಲೇಬೇಕು. ಹೇಳುವುದು ಮಾತ್ರ ಕೋಷ್ಟಕದ ಕೆಳಗೆ, ಟಿಪ್ಪಣಿಗಳಲ್ಲಿ. ಮುಂದಿನ ಬಾರಿ ಯಾವುದಾದರೂ ಕಂಪನಿಯ ಫಲಿತಾಂಶ ಕೈಗೆ ಸಿಕ್ಕಾಗ ಮೊದಲು ಆ ಟಿಪ್ಪಣಿಗಳನ್ನು ಓದಿ, ಬಳಿಕ ಲಾಭದ ಸಾಲಿಗೆ ಬನ್ನಿ.

ಇನ್ನು, ಮೇಲಿನ ಕಟ್ಟಡದ ಲೆಕ್ಕವನ್ನೇ ಶೇ. 8ರ ಬಡ್ಡಿದರದಲ್ಲಿ ಒಮ್ಮೆ ಮಾಡಿ ನೋಡಿ. ಮೊದಲ ವರ್ಷದ ಖರ್ಚು 1,06,520 ರೂ. ಬಂದರೆ ನಿಮ್ಮ ಉತ್ತರ ಸರಿ.