ಹಳೇ ಮಾರುತಿ 800 ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ತರೋ ಮುಂಚೆ ಈ ಅಳತೆ ನೋಡಿ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಕಾರ್ಬೋರೇಟರ್ ಇರುವ ಹಳೇ 800 ಇನ್ನೂ ಎಷ್ಟೋ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿದೆ. ಅಪ್ಪ ಓಡಿಸಿದ ಗಾಡಿ ಅಂತ ಕೆಲವರು, ಕಡಿಮೆ ರೇಟಿಗೆ ಸಿಕ್ತು ಅಂತ ಕೆಲವರು ಅದನ್ನು ರೆಡಿ ಮಾಡಿಸಲು ಕೈ ಹಾಕ್ತಾರೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ತೋರಿಸಿ ಆರ್‌ಸಿ ನವೀಕರಣ ಮಾಡಿಸಬೇಕು. ಅದೂ 5 ವರ್ಷಕ್ಕೊಮ್ಮೆ. ಅಷ್ಟರೊಳಗೆ ಗಾಡಿ ಸರಿಯಾಗದಿದ್ದರೆ ಹಾಕಿದ ದುಡ್ಡು ಗುಜರಿಗೇ ಹೋಗುತ್ತೆ.

ಖರ್ಚು ಕೈ ಮೀರೋದು ಹೆಚ್ಚಾಗಿ ಪರೀಕ್ಷೆ ಮಾಡದೆ ಪಾರ್ಟ್ ಬದಲಿಸೋದರಿಂದ. ಕೀ ತಿರುಗಿಸಿದರೆ 'ಕಟ್' ಅಂದು ಸುಮ್ಮನಾಗುತ್ತೆ. ಮೊದಲು ಹೊಸ ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್, ಆಮೇಲೆ ಆಲ್ಟರ್ನೇಟರ್ ಬದಲಾಗುತ್ತೆ. ಕೊನೆಗೆ ನೋಡಿದರೆ ತುಕ್ಕು ಹಿಡಿದ ಒಂದು ಅರ್ತ್ ವೈರ್ ಇಷ್ಟಕ್ಕೂ ಕಾರಣ ಆಗಿರುತ್ತೆ. ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಮನೆಯಲ್ಲಿದ್ದರೆ ಇದನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು.

ಮೊದಲು ಬ್ಯಾಟರಿ

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. 12.2ರ ಹತ್ತಿರ ಇದ್ದರೆ ಅರ್ಧ ಇಳಿದಿದೆ, ಮೊದಲು ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. ಇಂಜಿನ್ ಓಡುತ್ತಿರುವಾಗ 13.8ರಿಂದ 14.4 ಬರಬೇಕು. ಆಗಲೂ 12ರ ಆಸುಪಾಸಿನಲ್ಲೇ ಇದ್ದರೆ ಚಾರ್ಜಿಂಗ್ ಆಗ್ತಿಲ್ಲ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ, ಆಲ್ಟರ್ನೇಟರ್ ಹಿಂದಿನ ವೈರ್ ಬಿಗಿಯಾಗಿದೆಯಾ ನೋಡಿ. ಅವು ಸರಿ ಇದ್ದರೆ ಮಾತ್ರ ಆಲ್ಟರ್ನೇಟರ್ ಬಿಚ್ಚಿಸಿ.

ಅರ್ತ್ ವೈರ್ ಪರೀಕ್ಷೆ

ಹಳೇ ಗಾಡಿಯಲ್ಲಿ ತುಂಬಾ ಮೋಸ ಮಾಡೋದು ಇದೇ. ಬ್ಯಾಟರಿಯಿಂದ ಹೊರಟ ಕರೆಂಟ್ ಇಂಜಿನ್ ಮತ್ತು ಬಾಡಿಯ ಕಬ್ಬಿಣದ ಮೂಲಕವೇ ವಾಪಸ್ ಬರಬೇಕು. ಮೀಟರಿನ ಕೆಂಪು ಕಡ್ಡಿಯನ್ನು ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಆಸುಪಾಸು ಬಂದರೆ ಚಿಂತೆ ಇಲ್ಲ. 0.5 ದಾಟಿದರೆ ಅರ್ತ್ ಕೆಟ್ಟಿದೆ ಅಂತಲೇ ಅರ್ಥ. ಬೋಲ್ಟ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ, ಬಿಗಿಯಾಗಿ ಕೂರಿಸಿ. ವೈರ್ ಒಳಗೇ ಹಸಿರುಗಟ್ಟಿದ್ದರೆ ಬದಲಿಸಿ.

ಹೆಡ್‌ಲೈಟ್ ಹಾಕಿದಾಗ ಇಂಡಿಕೇಟರ್ ಮಂಕಾಗೋದು, ಬ್ರೇಕ್ ಒತ್ತಿದರೆ ಬೇರೆ ಲೈಟ್ ಮಿಣುಕೋದು, ಇವಕ್ಕೂ ಸಾಮಾನ್ಯವಾಗಿ ಆ ಲೈಟಿನ ಅರ್ತೇ ಕಾರಣ.

ರಾತ್ರಿ ಸರಿ, ಬೆಳಿಗ್ಗೆ ಡೌನ್

ಕೀ ತೆಗೆದ ಮೇಲೂ ಯಾವುದೋ ಒಂದು ಕರೆಂಟ್ ಎಳೀತಾ ಇರುತ್ತೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಆ ವೈರಿಗೂ ಬ್ಯಾಟರಿಗೂ ನಡುವೆ ಜೋಡಿಸಿ. ಬಾಗಿಲೆಲ್ಲ ಮುಚ್ಚಿರಲಿ. 0.05 ಆಂಪಿಯರ್‌ಗಿಂತ ಹೆಚ್ಚು ಬಂದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತೋ ಆ ಲೈನಿನಲ್ಲೇ ಸಮಸ್ಯೆ ಇದೆ. ಹೊರಗೆ ಹಾಕಿಸಿದ ಸ್ಟೀರಿಯೋ, ಸೆಂಟ್ರಲ್ ಲಾಕ್ ವೈರಿಂಗನ್ನು ಮೊದಲು ನೋಡಿ. ಎಲ್ಲಾ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಮೀಟರ್ ಹೀಗೆ ಜೋಡಿಸಿದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟೋಗುತ್ತೆ.

ಸೆಲ್ಫ್ ತಿರುಗುತ್ತೆ, ಇಂಜಿನ್ ಎತ್ತಿಕೊಳ್ಳಲ್ಲ

ಇಲ್ಲಿ ನೋಡಬೇಕಾದ್ದು ಮೂರು: ಕಿಡಿ, ಪೆಟ್ರೋಲ್, ಕಂಪ್ರೆಷನ್. ಒಂದು ಪ್ಲಗ್ ಬಿಚ್ಚಿ ಅದರ ಕೇಬಲ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹವನ್ನು ಇಂಜಿನ್‌ಗೆ ತಾಗಿಸಿ ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ, ಹತ್ತಿರ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯೇ ಬೇಡ. ಗಟ್ಟಿ ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿ ಇದೆ. ಹಳದಿ ಬಣ್ಣದ ಸಪ್ಪೆ ಕಿಡಿ ಬಂದರೆ ಪ್ಲಗ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡಬೇಕು. ಪ್ಲಗ್ ಕೇಬಲ್ ಬಿಚ್ಚುವಾಗ ಗುರುತು ಹಾಕಿಕೊಳ್ಳಿ. ಈ ಮೂರು ಸಿಲಿಂಡರ್ ಇಂಜಿನ್‌ನ ಫೈರಿಂಗ್ ಕ್ರಮ 1-3-2. ಅದಲು ಬದಲಾದರೆ ಗಾಡಿ ಎತ್ತಿಕೊಳ್ಳಲ್ಲ, ಕಾರ್ಬೋರೇಟರಿನಿಂದ ಪಟ್ ಅಂತ ಹೊಡೆಯುತ್ತೆ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಗೋ ಗಾಡಿಯಲ್ಲಿ ಕಾಯಿಲ್ ಮೇಲೆ ಕಣ್ಣಿಡಿ. ಕಿಡಿಯನ್ನು ಗಾಡಿ ನಿಂತ ಆ ಹೊತ್ತಲ್ಲೇ ನೋಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲವೂ ಸರಿಯಾಗೇ ಕಾಣುತ್ತೆ.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಫಿಲ್ಟರ್, ಪಂಪ್, ರಬ್ಬರ್ ಪೈಪ್ ನೋಡಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಹಳೇ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. ಪೈಪ್ ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗಾಗಿದ್ದರೆ ಅವತ್ತೇ ಬದಲಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಗೇ ಬೆಂಕಿ ಬೀಳುತ್ತೆ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಎತ್ತಿಕೊಳ್ಳದಿದ್ದರೆ ಕಂಪ್ರೆಷನ್ ನೋಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇಂಜಿನ್ ಬಿಚ್ಚೋ ಮಾತು ಇದಾದ ಮೇಲೆ.

ಹೀಟ್ ಆಗ್ತಿದ್ದರೆ

ರೇಡಿಯೇಟರ್ ಫ್ಯಾನ್ ಕರೆಂಟಿನದು. ಅದು ತಿರುಗದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಸಣ್ಣ ಸ್ವಿಚ್ಚಿನ ಕೆಲಸ ಇಂಜಿನ್ ಕೆಲಸ ಆಗುತ್ತೆ. ಇಗ್ನಿಷನ್ ಆನ್ ಇಟ್ಟು, ಥರ್ಮೋ ಸ್ವಿಚ್‌ನ ಎರಡು ವೈರ್ ಕಳಚಿ ಒಂದಕ್ಕೊಂದು ಮುಟ್ಟಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಫ್ಯೂಸ್, ವೈರಿಂಗ್ ಅಥವಾ ಮೋಟಾರ್. ಬೆರಳು ದೂರ ಇರಲಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಲೇಬೇಡಿ.

ಇದೊಂದು ಮಾಡಬೇಡಿ

ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ಫ್ಯೂಸ್ ಅಥವಾ ತಾಮ್ರದ ತಂತಿ ಸುತ್ತೋರು ಇದ್ದಾರೆ. ಆಗ ಫ್ಯೂಸ್ ಬದಲು ವೈರಿಂಗೇ ಸುಡುತ್ತೆ. ಫ್ಯೂಸ್ ಹೋಗ್ತಿದೆ ಅಂದ್ರೆ ಎಲ್ಲೋ ಶಾರ್ಟ್ ಇದೆ, ಅದನ್ನು ಹುಡುಕಿಸಿ.

ಗ್ಯಾರೇಜಿಗೆ ಹೋಗುವಾಗ ಮೀಟರ್ ತೋರಿಸಿದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿಂತಾಗ ಎಷ್ಟು, ಸೆಲ್ಫ್ ಹೊಡೆದಾಗ ಎಷ್ಟು, ಓಡುವಾಗ ಎಷ್ಟು, ತೊಂದರೆ ಬಿಸಿಯಲ್ಲೋ ತಣ್ಣಗಿದ್ದಾಗಲೋ. ಮೇಸ್ತ್ರಿಗೂ ಅರ್ಧ ದಿನದ ಹುಡುಕಾಟ ಉಳಿಯುತ್ತೆ. ಪಾರ್ಟ್ ಬದಲಿಸಿದರೆ ಹಳೇದನ್ನು ಕೇಳಿ ವಾಪಸ್ ತಗೊಳ್ಳಿ. ತೊಂದರೆ ಹಾಗೇ ಇದ್ದರೆ ಅದು ಮತ್ತೆ ಕೆಲಸಕ್ಕೆ ಬರುತ್ತೆ.