ಹೇಳಿಕೊಳ್ಳಲಾಗದ ನವೆಗೆ ಸರಿಯಾದ ಮುಲಾಮು

ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವ ವಿಷಯವನ್ನು ಜಗಲಿಯಲ್ಲಿ ಕುಳಿತು ಯಾರೂ ಮಾತಾಡುವುದಿಲ್ಲ. ಅಡುಗೆಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದಾಗಲೂ ಆ ಮಾತು ಬರುವುದು ಅಪರೂಪ. ಹೆಣ್ಣುಮಕ್ಕಳ ಗುಪ್ತಾಂಗದ ಹೊರಚರ್ಮದಲ್ಲಿ ವರ್ಷಗಟ್ಟಲೆ ಕಾಡುವ ನವೆ, ಅದಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಇದೇ ಆ ವಿಷಯ. ಗುರುಗಳಿಗೇಕೆ ಈ ಮಾತು ಎಂದು ಕೆಲವರಿಗೆ ಅನಿಸಬಹುದು. ಆಡದೆ ಉಳಿದ ಮಾತಿನಿಂದ ನಮ್ಮ ತಾಯಂದಿರು ನರಳುವುದಾದರೆ, ಅದನ್ನು ಯಾರಾದರೂ ಆಡಲೇಬೇಕಲ್ಲವೇ?

ಔಷಧಿ ಅಂಗಡಿಯ ಮುಂದೆ

ಗುಂತಕಲ್–ರಾಯಚೂರು ರೈಲುಮಾರ್ಗದಲ್ಲಿರುವ ಆಸ್ಪರಿಯಂತಹ ಊರನ್ನೇ ತೆಗೆದುಕೊಳ್ಳೋಣ. ಆದೋನಿಯ ಸುತ್ತಿನ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ನವೆ ಎನ್ನಿ, ಕಡಿತ ಎನ್ನಿ, ದುರದ ಎನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಎಲ್ಲಿ ನವೆ ಎಂಬುದನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳಲು ಬಾಯಿ ಬರುವುದಿಲ್ಲ. ಹತ್ತಿ ಹೊಲದಲ್ಲಿ ದಿನವಿಡೀ ದುಡಿಯುವ ಹೆಂಗಸು "ಬೆವರಿಗೆ ಹೀಗಾಗಿದೆ" ಎಂದು ಸುಮ್ಮನಾಗುತ್ತಾಳೆ. ತಡೆಯಲಾಗದಾಗ ಗಂಡನನ್ನೋ ಮಗನನ್ನೋ ಅಂಗಡಿಗೆ ಕಳಿಸುತ್ತಾಳೆ. "ಅಣ್ಣಾ, ಕಡಿತಕ್ಕೆ ಒಂದು ಮುಲಾಮು ಕೊಡಿ" ಎಂದು ಅವನು ಕೇಳುತ್ತಾನೆ. ಯಾರಿಗೆ, ಎಲ್ಲಿ, ಎಷ್ಟು ದಿನದಿಂದ ಎಂದು ಇವನು ಹೇಳುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ.

ಹೀಗೆ ಕೈಗೆ ಬರುವ ಟ್ಯೂಬಿನಲ್ಲಿ ಅನೇಕ ಸಲ ಬಲವಾದ ಸ್ಟೀರಾಯ್ಡ್, ಬೂಷ್ಟು ರೋಗದ ಔಷಧಿ, ಜೀವಾಣುನಾಶಕ ಮೂರೂ ಬೆರೆತಿರುತ್ತವೆ. ಹಚ್ಚಿದ ಎರಡು ದಿನಕ್ಕೆ ನವೆ ಇಳಿಯುತ್ತದೆ, ಬಿಟ್ಟರೆ ಮರುಕಳಿಸುತ್ತದೆ. ಮೂಲರೋಗ ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡ್ ಅದರ ಗುರುತನ್ನು ಮರೆಮಾಡಿ, ಒಳಗೊಳಗೇ ಹರಡಲು ಬಿಡುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಕೆಂಪು ಬರೆಗಳು ಮೂಡುತ್ತವೆ. ಇಂತಹ ದುರುಪಯೋಗ ದೇಶದ ತುಂಬ ಹರಡಿದ್ದರಿಂದಲೇ ಚರ್ಮವೈದ್ಯರ ಸಂಘದವರು ಸರ್ಕಾರಕ್ಕೆ ಮೊರೆಯಿಟ್ಟರು. 2018ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಬಗೆಯ ಸ್ಟೀರಾಯ್ಡ್ ಔಷಧಿಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಎಂದರೆ ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ.

ಅದೇ ಔಷಧಿ, ಬೇರೆ ಕಥೆ

ಹಾಗಾದರೆ ಸ್ಟೀರಾಯ್ಡ್ ಮುಲಾಮು ವಿಷವೇ? ಅಲ್ಲ. ಗುಪ್ತಾಂಗದ ಕೆಲವು ದೀರ್ಘಕಾಲದ ಚರ್ಮರೋಗಗಳಿಗೆ ಅದೇ ಮೊದಲ ಮದ್ದು. ಅವುಗಳಲ್ಲಿ ಮುಖ್ಯವಾದುದು ಲೈಕೆನ್ ಸ್ಕ್ಲೆರೋಸಸ್. ಹೆಸರು ಕಠಿಣ, ಗುರುತು ಸರಳ. ಚರ್ಮ ಬೆಳ್ಳಗಾಗಿ, ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಸುಕ್ಕಾಗುತ್ತದೆ. ರಾತ್ರಿ ನವೆ ಹೆಚ್ಚು. ಕೆರೆದರೆ ಬಿರುಕು ಬಿಟ್ಟು ರಕ್ತ ಜಿನುಗುತ್ತದೆ, ಮೂತ್ರ ತಾಗಿದರೆ ಉರಿಯುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು ದ್ವಾರ ಕಿರಿದಾಗುತ್ತದೆ, ದಾಂಪತ್ಯ ನೋವಾಗುತ್ತದೆ.

ಮುಟ್ಟು ನಿಂತ ತಾಯಂದಿರಲ್ಲಿ ಇದು ಹೆಚ್ಚು. ಮೈನೆರೆಯದ ಪುಟ್ಟ ಹೆಣ್ಣುಮಕ್ಕಳಲ್ಲೂ ಕಾಣುತ್ತದೆ. ದೇಹದ ರಕ್ಷಣಾಶಕ್ತಿ ತನ್ನದೇ ಚರ್ಮದ ಮೇಲೆ ತಿರುಗಿಬೀಳುವುದು ಇದರ ಹಿನ್ನೆಲೆಯೆಂದು ವೈದ್ಯರು ತಿಳಿಯುತ್ತಾರೆ. ಆದ್ದರಿಂದಲೇ ಥೈರಾಯ್ಡ್ ತೊಂದರೆಯೂ ಕೆಲವರಲ್ಲಿ ಜೊತೆಗಿರುತ್ತದೆ. ಇದು ಅಂಟುರೋಗವಲ್ಲ. ಗಂಡನಿಂದ ಬಂದುದಲ್ಲ, ಗಂಡನಿಗೆ ಹರಡುವುದೂ ಇಲ್ಲ. ಕೊಳಕಿನಿಂದ ಬಂದುದೂ ಅಲ್ಲ. ಬಿಳುಪನ್ನು ಕಂಡು ತೊನ್ನು ಎಂದು ಹೆದರುವವರಿದ್ದಾರೆ, ಕೆಟ್ಟ ರೋಗವೆಂದು ಸಂಶಯಪಡುವವರೂ ಇದ್ದಾರೆ. ಒಂದು ತಪ್ಪು ಸಂಶಯ ಎಷ್ಟು ಮನೆಗಳ ನೆಮ್ಮದಿ ಕೆಡಿಸಬಲ್ಲದು ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಒಂದು ಕಾಲದಲ್ಲಿ ಈ ರೋಗಕ್ಕೆ ಆ ಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಆದರೂ ರೋಗ ಮರಳಿ ಬರುತ್ತಿತ್ತು. 1991ರಲ್ಲಿ ಇಂಗ್ಲೆಂಡಿನ ಚರ್ಮವೈದ್ಯರು ಕ್ಲೊಬೆಟಾಸಾಲ್ ಎಂಬ ಅತಿ ಬಲವಾದ ಸ್ಟೀರಾಯ್ಡನ್ನು ಹಚ್ಚಿ ಗುಣ ಕಂಡದ್ದನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಅದೇ ಮುಖ್ಯ ಚಿಕಿತ್ಸೆಯಾಗಿ ನಿಂತಿದೆ.

ಎಷ್ಟು ಹಚ್ಚಬೇಕು? ಎಲ್ಲಿಯವರೆಗೆ?

ವೈದ್ಯರು ನೋಡಿ ರೋಗವನ್ನು ಗುರುತಿಸಿದ ಮೇಲೆ ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ: ಮೊದಲ ತಿಂಗಳು ದಿನಕ್ಕೊಮ್ಮೆ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ. ಅಳತೆ ನಿಮ್ಮ ಬೆರಳಿನಲ್ಲೇ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಲೆಕ್ಕ ಹಾಕಿ ನೋಡಿ: 30 ಗ್ರಾಮಿನ ಒಂದು ಟ್ಯೂಬ್ ಮೂರು ತಿಂಗಳಿಗೆ ಸಾಕು. ಅಷ್ಟರೊಳಗೆ ಎರಡು ಮೂರು ಟ್ಯೂಬ್ ಮುಗಿದರೆ ಹಚ್ಚುವುದು ಅತಿಯಾಯಿತು. ಟ್ಯೂಬ್ ಹಾಗೇ ಉಳಿದರೆ ಕಡಿಮೆಯಾಯಿತು.

ಬಿಳುಪಾದ ಜಾಗಕ್ಕೆ ಮಾತ್ರ ಹಚ್ಚಬೇಕು, ತೊಡೆಗೆ ತಾಗಿಸಬಾರದು. ಎಲ್ಲಿ ಹಚ್ಚಬೇಕೆಂದು ಕನ್ನಡಿ ಹಿಡಿದು ಒಮ್ಮೆ ವೈದ್ಯರಿಂದಲೇ ತೋರಿಸಿಕೊಳ್ಳುವುದು ಒಳ್ಳೆಯದು. ಕ್ರೀಮಿಗಿಂತ ಜಿಡ್ಡಿನ ಆಯಿಂಟ್‌ಮೆಂಟ್ ಉರಿ ಕಡಿಮೆ ಮಾಡುತ್ತದೆ. ಸೋಪು, ಕ್ರಿಮಿನಾಶಕ ದ್ರವಗಳಿಂದ ಆ ಭಾಗವನ್ನು ತಿಕ್ಕಿ ತೊಳೆಯಬಾರದು. ಬರೀ ನೀರು ಸಾಕು. ಸಡಿಲವಾದ ಹತ್ತಿಬಟ್ಟೆ ಹಿತ.

ಇಲ್ಲಿಯೇ ಅನೇಕರು ಎಡವುತ್ತಾರೆ. ಔಷಧಿಯ ಜೊತೆಗಿರುವ ಕಾಗದದಲ್ಲಿ ಗುಪ್ತಾಂಗಕ್ಕೆ ಹಚ್ಚಬೇಡಿ ಎಂಬ ಎಚ್ಚರಿಕೆ ಇರುವುದುಂಟು. ಅದನ್ನು ಓದಿದ ಮಗಳು "ಅಮ್ಮಾ, ಇದು ಬೇಡ" ಎನ್ನುತ್ತಾಳೆ, ತಾಯಿ ಟ್ಯೂಬನ್ನು ಗೂಡಿನಲ್ಲಿಟ್ಟು ಮರೆಯುತ್ತಾಳೆ. ಆ ಎಚ್ಚರಿಕೆ ರೋಗ ಗೊತ್ತಿಲ್ಲದೆ ಹಚ್ಚುವವರಿಗೆ. ರೋಗ ಗುರುತಿಸಿ ವೈದ್ಯರು ಬರೆದುಕೊಟ್ಟಾಗ ಮಾತು ಬೇರೆ. ಇನ್ನು ಕೆಲವರು ನವೆ ನಿಂತ ಕೂಡಲೇ ಔಷಧಿ ನಿಲ್ಲಿಸುತ್ತಾರೆ. ನವೆ ನಿಂತರೂ ರೋಗ ಒಳಗೆ ಮುಂದುವರಿಯಬಹುದು.

ಈ ಮಾತಿಗೆ ಗಟ್ಟಿಯಾದ ಆಧಾರವಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಈ ರೋಗವಿದ್ದ 507 ಮಂದಿ ಸ್ತ್ರೀಯರನ್ನು ವರ್ಷಗಳ ಕಾಲ ಗಮನಿಸಿ ಡಾ. ಗೇಲ್ ಫಿಷರ್ ಮತ್ತು ಸಂಗಡಿಗರು 2015ರಲ್ಲಿ ವರದಿ ಪ್ರಕಟಿಸಿದರು. ಹೇಳಿದಂತೆ ಮುಲಾಮು ಹಚ್ಚುತ್ತಾ ಬಂದವರು 357 ಮಂದಿ. ಅವರಲ್ಲಿ ಒಬ್ಬರಿಗೂ ಕ್ಯಾನ್ಸರ್ ಆಗಲಿ ಅದರ ಮುನ್ಸೂಚನೆಯ ಬದಲಾವಣೆಯಾಗಲಿ ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಹಚ್ಚಿದ 150 ಮಂದಿಯಲ್ಲಿ 7 ಮಂದಿಗೆ ಬಂತು. ಈ ರೋಗದವರಲ್ಲಿ ಕ್ಯಾನ್ಸರ್ ಆಗುವುದು ನೂರಕ್ಕೆ ಐವರಿಗಿಂತ ಕಡಿಮೆ, ಹೆದರಬೇಕಾಗಿಲ್ಲ. ಆದರೆ ನಿಯಮದಿಂದ ಹಚ್ಚುವ ಒಂದಿಷ್ಟು ಮುಲಾಮು ಆ ಅಪಾಯವನ್ನೂ ದೂರವಿಡಬಲ್ಲದು ಎಂಬುದು ಸಣ್ಣ ಮಾತೇ? ಆದ್ದರಿಂದ ಮೂರು ತಿಂಗಳ ಮೇಲೆ ಮತ್ತೆ ತೋರಿಸಿಕೊಳ್ಳಬೇಕು, ವೈದ್ಯರು ಹೇಳಿದಂತೆ ಮುಂದುವರಿಸಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಾಯದ ಹುಣ್ಣು, ಗಂಟು, ರಕ್ತಸ್ರಾವ ಕಂಡರೆ ಒಂದು ದಿನವೂ ತಡಮಾಡಬಾರದು.

ಮನೆಯವರಿಗೆ ಒಂದು ಮಾತು

ಎಲ್ಲ ನವೆಯೂ ಈ ರೋಗವಲ್ಲ. ಸಕ್ಕರೆ ಕಾಯಿಲೆಯವರಿಗೆ ಬರುವ ಬೂಷ್ಟಿನ ನವೆಗೆ ಮದ್ದೇ ಬೇರೆ, ಸೋಪಿನ ಅಲರ್ಜಿಗೆ ಉಪಾಯವೇ ಬೇರೆ. ಆದ್ದರಿಂದ ಕಣ್ಣಾರೆ ನೋಡದೆ ಮುಲಾಮು ಬೇಡ ಎಂಬುದೇ ನಮ್ಮ ಬೇಡಿಕೆ. ಆಸ್ಪರಿಯ ಕಡೆಯವರಿಗೆ ಆದೋನಿಯ ಸರ್ಕಾರಿ ಆಸ್ಪತ್ರೆಯಿದೆ, ಕರ್ನೂಲಿನಲ್ಲೂ ಬಳ್ಳಾರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಲೇಡಿ ಡಾಕ್ಟರೇ ನೋಡಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಊರಿನ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿದರೂ ದಾರಿ ತೆರೆಯುತ್ತದೆ.

ಗಂಡಂದಿರೇ, ಹೆಂಡತಿ ದೂರ ಸರಿದರೆ ಮುನಿಸಿಕೊಳ್ಳುವ ಮುಂಚೆ "ನಿನಗೆ ನೋವೇ?" ಎಂದು ಕೇಳಿ. ಅಂಗಡಿಗೆ ಹೋಗುವ ಬದಲು ಆಕೆಯ ಜೊತೆ ಆಸ್ಪತ್ರೆಗೆ ಹೋಗಿ. ತಾಯಂದಿರೇ, ಪುಟ್ಟ ಮಗಳು ಪದೇಪದೇ ಅಲ್ಲಿ ಕೆರೆದುಕೊಂಡರೆ ಕೈಗೆ ಹೊಡೆಯಬೇಡಿ, ಬೆಳಕಿನಲ್ಲಿ ಒಮ್ಮೆ ನೋಡಿ. ಸೊಸೆಯಂದಿರೇ, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವ ಅತ್ತೆಯನ್ನು ಮೆಲ್ಲಗೆ ವಿಚಾರಿಸಿ. ಹತ್ತು ವರ್ಷ ನುಂಗಿಕೊಂಡ ನೋವಿಗೆ ಮೊದಲ ಮದ್ದು ಆ ಒಂದು ಪ್ರಶ್ನೆ. ಮುಲಾಮು ಆಮೇಲಿನದು.